ನುಂಗಿದ್ದು ಇಳಿಯದಾಗ

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು ನುಂಗುತ್ತೇವೆ. ಮುಂದಿನ ಕೆಲಸ ಅನ್ನನಾಳದ್ದು. ಹಾಗೆ ಉಂಡು ಬೆಳೆದವರೊಬ್ಬರು ಒಂದು ದಿನ "ಮುದ್ದೆ ಯಾಕೋ ಇಳೀತಿಲ್ಲ, ಎದೇಲೇ ನಿಂತ್ಕೊಳ್ತದೆ" ಎಂದರೆ ಮನೆಯಲ್ಲಿ ಸಿಗುವ ಮೊದಲ ಉತ್ತರ, "ಗ್ಯಾಸ್ ಆಗಿರ್ಬೇಕು, ಬಿಸಿನೀರು ಕುಡಿ." ಎರಡನೆಯದು ಔಷಧಿ ಅಂಗಡಿಯ ಅಸಿಡಿಟಿ ಮಾತ್ರೆ. ಮಾತ್ರೆ ನುಂಗುತ್ತಾ ನುಂಗುತ್ತಾ ಮುದ್ದೆ ಬಿಟ್ಟು ಅನ್ನಕ್ಕೆ, ಅನ್ನ ಬಿಟ್ಟು ಗಂಜಿಗೆ ಬರುವಷ್ಟರಲ್ಲಿ ವರ್ಷ ಒಂದೆರಡು ಕಳೆದಿರುತ್ತದೆ. ಈ ನಡುವೆ ನೀರೂ ಆಗಾಗ ನಿಲ್ಲುತ್ತಿರುತ್ತದೆ.

ನೀರು ಕೂಡ ನಿಲ್ಲುವುದು ದೊಡ್ಡ ಸುಳಿವು. ಅನ್ನನಾಳದಲ್ಲಿ ಗಡ್ಡೆ ಬೆಳೆದು ದಾರಿ ಕಿರಿದಾದರೆ ಮೊದಲು ಗಟ್ಟಿ ಆಹಾರ ಸಿಕ್ಕಿಕೊಳ್ಳುತ್ತದೆ, ಕೆಲವು ವಾರ ಅಥವಾ ತಿಂಗಳಲ್ಲಿ ಮೆತ್ತನೆಯದು, ಕೊನೆಗೆ ನೀರು. ಹಾಗಲ್ಲದೆ ಗಟ್ಟಿಯದೂ ನೀರೂ ಹೆಚ್ಚುಕಡಿಮೆ ಒಟ್ಟಿಗೇ ತಡೆಯತೊಡಗಿ, ಒಂದು ದಿನ ಸಲೀಸು, ಇನ್ನೊಂದು ದಿನ ಕಷ್ಟ ಎನ್ನುವಂತೆ ವರ್ಷಗಟ್ಟಲೆ ಎಳೆದರೆ ಅನುಮಾನ ಬೇರೆ ಕಡೆ ತಿರುಗಬೇಕು. ಅಲ್ಲಿ ದಾರಿಗೆ ಅಡ್ಡ ಏನೂ ಬೆಳೆದಿಲ್ಲ, ಅನ್ನನಾಳವನ್ನು ನಡೆಸುವ ನರಗಳು ಸತ್ತಿವೆ. ವೈದ್ಯರು ಈ ಕಾಯಿಲೆಯನ್ನು ಅಕಲೇಶಿಯಾ ಕಾರ್ಡಿಯಾ ಎನ್ನುತ್ತಾರೆ. ಜಗತ್ತಿನಾದ್ಯಂತ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಬರುತ್ತದೆ. ಅದೇ ಲೆಕ್ಕ ಹಿಡಿದರೆ, ಜನಸಂಖ್ಯೆ ಆರು ಕೋಟಿ ದಾಟಿದ ಕರ್ನಾಟಕದಲ್ಲಿ ವರ್ಷಕ್ಕೆ ಆರುನೂರು ಮಂದಿಗಾದರೂ ಬರುತ್ತಿರಬೇಕು. ಅಪರೂಪ ನಿಜ. ಆದರೆ ಇದಕ್ಕೆ ಈಗ ಇರುವ ಚಿಕಿತ್ಸೆಗೆ ಸಾಕಾಗುವುದು ಒಂದೆರಡು ಗಂಟೆ, ಕಾಯಿಲೆ ಇಂಥದ್ದೆಂದು ಗೊತ್ತಾಗಲು ಮಾತ್ರ ವರ್ಷಗಳು ಹಿಡಿಯುತ್ತವೆ. ನನಗೆ ಸಂಕಟವಾಗುವುದು ಈ ಅಂತರ ಕಂಡು.

ಇಂಥವರ ಪಕ್ಕದಲ್ಲಿ ಕೂತು ಉಂಡವರಿಗೆ ಗುರುತು ಸಿಗುತ್ತದೆ. ಎರಡು ತುತ್ತಿಗೊಮ್ಮೆ ನೀರು. ಊಟದ ನಡುವೆ ಎದ್ದು ನಿಲ್ಲುತ್ತಾರೆ, ಬೆನ್ನು ನೆಟ್ಟಗೆ ಮಾಡಿ, ಭುಜ ಹಿಂದಕ್ಕೆಳೆದು, ಉಸಿರು ಬಿಗಿಹಿಡಿದು ಇನ್ನೊಂದು ಗುಟುಕು ನೀರು ಕುಡಿಯುತ್ತಾರೆ. ಎದೆಯಲ್ಲಿ ನಿಂತದ್ದು ಇಳಿದರೆ ಮುಖ ಸಡಿಲವಾಗುತ್ತದೆ, ಇಳಿಯದಿದ್ದರೆ ಬಚ್ಚಲಿಗೆ ಹೋಗಿ ಕಕ್ಕಿ ಬರುತ್ತಾರೆ. ಎಲ್ಲರೂ ಎಲೆ ಮಡಚಿ ಎದ್ದರೂ ಇವರದಿನ್ನೂ ಅರ್ಧ. ಹೀಗಾಗಿ ಮದುವೆಮನೆಯ ಪಂಕ್ತಿಯಲ್ಲಿ ಕೂರುವುದನ್ನೇ ಬಿಡುತ್ತಾರೆ, "ನೀವು ಉಂಡ್ಬಿಡಿ, ನಾನು ಆಮೇಲೆ" ಎನ್ನುತ್ತಾರೆ. ರಾತ್ರಿ ಮಲಗಿದ ಮೇಲೆ ಕೆಮ್ಮು ಬರುತ್ತದೆ. ಬೆಳಗೆದ್ದರೆ ದಿಂಬಿನ ಮೇಲೆ ಹಿಂದಿನ ರಾತ್ರಿ ಉಂಡ ಅನ್ನದ ಅಗುಳು. ಅದು ಹುಳಿಯಾಗಿರುವುದಿಲ್ಲ, ಕಹಿಯಾಗಿರುವುದಿಲ್ಲ, ಏಕೆಂದರೆ ಹೊಟ್ಟೆಗೆ ಹೋಗಿ ಬಂದದ್ದಲ್ಲ. ಅನ್ನನಾಳದಲ್ಲೇ ತಂಗಿದ್ದು ವಾಪಸು ಬಂದದ್ದು. ವಾಂತಿಗೂ ಇದಕ್ಕೂ ಇರುವ ಈ ವ್ಯತ್ಯಾಸವನ್ನು ರೋಗಿ ಬಾಯಿಬಿಟ್ಟು ಹೇಳಬೇಕು, ವೈದ್ಯರು ಕೇಳಿ ತಿಳಿಯಬೇಕು. ಹತ್ತು ನಿಮಿಷಕ್ಕೆ ನಾಲ್ಕು ರೋಗಿಗಳನ್ನು ನೋಡುವ ಹೊರರೋಗಿ ವಿಭಾಗದಲ್ಲಿ ಈ ಮಾತುಕತೆ ಆಗುವುದೇ ಇಲ್ಲ.

ಆಗದಿದ್ದರೆ ಏನಾಗುತ್ತದೆ? ಎದೆನೋವು ಎಂದವರಿಗೆ ಇಸಿಜಿ ತೆಗೆಯುತ್ತಾರೆ, ಅದು ಸರಿಯಿರುತ್ತದೆ. ತೂಕ ಇಳಿದಿದೆ, ರಾತ್ರಿ ಕೆಮ್ಮು ಬೇರೆ ಎಂದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ಕ್ಷಯ. ಅನ್ನನಾಳದಿಂದ ಉಕ್ಕಿದ್ದು ಶ್ವಾಸಕೋಶಕ್ಕೆ ಇಳಿದು ಅಲ್ಲಿ ಸೋಂಕಾಗಿದ್ದರಂತೂ ಎಕ್ಸ್‌ರೇಯಲ್ಲಿ ನೆರಳು ಕಂಡು ಆ ಅನುಮಾನ ಗಟ್ಟಿಯಾಗುತ್ತದೆ. ಇನ್ನು ಇಪ್ಪತ್ತೈದರ ಹೆಣ್ಣುಮಗಳು ಊಟ ಬಿಡುತ್ತಾಳೆ, ಉಂಡದ್ದನ್ನು ಕಕ್ಕುತ್ತಾಳೆ ಎಂದರೆ ಅದು "ಟೆನ್ಷನ್" ಆಗಿಬಿಡುತ್ತದೆ. ಗಂಡನ ಮನೆಯಲ್ಲಿ ಮನಸ್ಸಿಗೆ ಹಿಡಿಸಿಲ್ಲವೇನೋ ಎಂಬ ಮಾತೂ ಬರುತ್ತದೆ. ಮೈಯ ಕಾಯಿಲೆಯನ್ನು ಮನಸ್ಸಿನ ಮೇಲೆ ಹೊರಿಸಿ ಅವಳನ್ನು ಎರಡು ಸಲ ನೋಯಿಸುವ ಈ ಅಭ್ಯಾಸ ನಿಲ್ಲಬೇಕು.

ಆರೋಗ್ಯವಂತರ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ತುತ್ತು ಒಳಬಂದೊಡನೆ ಅದರ ಹಿಂದಿನ ಸ್ನಾಯು ಬಿಗಿಯುತ್ತದೆ, ಮುಂದಿನದು ಸಡಿಲವಾಗುತ್ತದೆ. ಹೀಗೆ ಮೇಲಿಂದ ಕೆಳಕ್ಕೆ ಒಂದು ಅಲೆ ಸಾಗುತ್ತದೆ. ಶೀರ್ಷಾಸನದಲ್ಲಿದ್ದು ನೀರು ಕುಡಿದರೂ ಅದು ಹೊಟ್ಟೆಗೇ ಹೋಗುವುದು ಈ ಅಲೆಯ ಬಲದಿಂದ. ಕೊಳವೆ ಹೊಟ್ಟೆಯನ್ನು ಸೇರುವಲ್ಲಿ ಸ್ನಾಯುವಿನ ಬಳೆಯೊಂದಿದೆ. ಎಲೆಅಡಿಕೆ ಸಂಚಿಯ ಬಾಯಿಗೆ ದಾರ ಬಿಗಿದಂತೆ ಅದು ಸದಾ ಮುಚ್ಚಿರುತ್ತದೆ, ಹೊಟ್ಟೆಯ ಆಮ್ಲ ಮೇಲೆ ಬಾರದಂತೆ ಕಾಯುತ್ತದೆ. ನುಂಗಿದಾಗ ಮಾತ್ರ ಕೆಲವು ಕ್ಷಣ ಸಡಿಲವಾಗಿ ದಾರಿ ಬಿಡುತ್ತದೆ. ಬಿಗಿ ಎನ್ನಲು ಒಂದು ಬಗೆಯ ನರಕೋಶ, ಬಿಡು ಎನ್ನಲು ಇನ್ನೊಂದು ಬಗೆಯದು. ಎರಡೂ ಅನ್ನನಾಳದ ಗೋಡೆಯೊಳಗೆ, ಸ್ನಾಯುವಿನ ಎರಡು ಪದರಗಳ ನಡುವೆ ಇವೆ. ಅಕಲೇಶಿಯಾದಲ್ಲಿ ಸಾಯುವುದು ಎರಡನೆಯವು, ನೈಟ್ರಿಕ್ ಆಕ್ಸೈಡ್ ಸ್ರವಿಸಿ ಸ್ನಾಯುವನ್ನು ಸಡಿಲಿಸುವಂಥವು. ಬಿಡು ಎನ್ನುವವರೇ ಇಲ್ಲದ ಮೇಲೆ ಬಳೆ ಬಿಗಿದೇ ಇರುತ್ತದೆ, ಮೇಲಿನ ಅಲೆಯೂ ದಿಕ್ಕು ತಪ್ಪುತ್ತದೆ. ಉಂಡದ್ದು ಮೇಲೆ ಮೇಲೆ ನಿಂತು ಕೊಳವೆ ಹಿಗ್ಗುತ್ತಾ ಹೋಗುತ್ತದೆ.

ಆ ನರಕೋಶಗಳನ್ನು ಕೊಲ್ಲುವುದು ಬಹುಮಟ್ಟಿಗೆ ದೇಹದ್ದೇ ರೋಗನಿರೋಧಕ ವ್ಯವಸ್ಥೆ ಎಂದು ತಜ್ಞರು ನಂಬುತ್ತಾರೆ. ದಕ್ಷಿಣ ಅಮೆರಿಕದ ಚಾಗಸ್ ರೋಗದಲ್ಲಿ ಒಂದು ಪರಾವಲಂಬಿ ಜೀವಿ ಇದೇ ನರಗಳನ್ನು ಹಾಳುಗೆಡವಿ ಥೇಟ್ ಇದೇ ತೊಂದರೆಯನ್ನು ತರುತ್ತದೆ. ಅಲ್ಲಾಗಲಿ ಇಲ್ಲಾಗಲಿ ಸತ್ತ ನರಕೋಶ ಮರಳಿ ಹುಟ್ಟುವುದಿಲ್ಲ. ಈ ಕಾಯಿಲೆಯ ಚಿಕಿತ್ಸೆ ಯಾವುದೇ ಇರಲಿ, ಅದು ಬಳೆಯ ಬಿಗಿತವನ್ನು ಮುರಿಯುತ್ತದೆ ಅಷ್ಟೆ. ಅಲೆಯನ್ನು ಅದು ಹಿಂದಕ್ಕೆ ತರಲಾರದು.

ಪತ್ತೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಂಡೋಸ್ಕೋಪಿ ವರದಿಯಲ್ಲಿ "ನಾರ್ಮಲ್" ಎಂದು ಬಂದರೆ ಅಕಲೇಶಿಯಾ ಇಲ್ಲ ಎಂದರ್ಥವಲ್ಲ. ಆರಂಭದ ಹಂತದಲ್ಲಿ ಅನ್ನನಾಳ ನೋಡಲು ಸರಿಯಾಗಿಯೇ ಇರುತ್ತದೆ, ಬಿಗಿದ ಬಳೆಯೂ ಎಂಡೋಸ್ಕೋಪನ್ನು ಸ್ವಲ್ಪ ಒತ್ತಿದರೆ ದಾರಿ ಬಿಡುತ್ತದೆ. ಎಂಡೋಸ್ಕೋಪಿ ಬೇಕೇ ಬೇಕು, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಅರವತ್ತು ದಾಟಿದವರಲ್ಲಿ ನುಂಗುವ ತೊಂದರೆ ಕೆಲವೇ ತಿಂಗಳಲ್ಲಿ ಬಲಿತು ತೂಕ ಸರಸರನೆ ಇಳಿದಿದ್ದರೆ ಅಕಲೇಶಿಯಾದ ವೇಷದಲ್ಲಿ ಕ್ಯಾನ್ಸರ್ ಅಡಗಿರಬಹುದು, ಸ್ಕ್ಯಾನ್ ಕೂಡ ಬೇಕಾಗುತ್ತದೆ. ಆದರೆ ವರದಿ ನಾರ್ಮಲ್ ಬಂತೆಂದು ರೋಗಿಯನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ ಕೆಲಸ ಅರ್ಧಕ್ಕೇ ನಿಂತಂತೆ.

ಮುಂದಿನ ಹೆಜ್ಜೆ ಬೇರಿಯಂ ಪರೀಕ್ಷೆ. ಕದಡಿದ ಸುಣ್ಣದಂತೆ ಕಾಣುವ ಬಿಳಿ ದ್ರವ ಕುಡಿಸಿ ಒಂದು, ಎರಡು ಮತ್ತು ಐದನೆಯ ನಿಮಿಷಕ್ಕೆ ಎಕ್ಸ್‌ರೇ ತೆಗೆಯುತ್ತಾರೆ. ಐದು ನಿಮಿಷವಾದರೂ ದ್ರವ ಕಂಬದಂತೆ ನಿಂತಿದ್ದು, ಕೆಳತುದಿ ಸಪೂರವಾಗಿ ಹಕ್ಕಿಯ ಕೊಕ್ಕಿನಂತೆ ಕಂಡರೆ ರೋಗದ ಗುಟ್ಟು ಅರ್ಧ ರಟ್ಟಾದಂತೆ. ಇದಕ್ಕೆ ದುಬಾರಿ ಯಂತ್ರ ಬೇಡ, ಇದು ಬಹಳ ಹಳೆಯ ಪರೀಕ್ಷೆ. ಖಚಿತ ತೀರ್ಪು ಕೊಡುವುದು ಮ್ಯಾನೊಮೆಟ್ರಿ. ಮೂಗಿನ ಮೂಲಕ ತೆಳ್ಳನೆಯ ಕೊಳವೆಯೊಂದನ್ನು ಹೊಟ್ಟೆಯವರೆಗೆ ಇಳಿಸುತ್ತಾರೆ. ಅದರ ಉದ್ದಕ್ಕೂ ಸೆಂಟಿಮೀಟರಿಗೊಂದರಂತೆ ಒತ್ತಡ ಅಳೆಯುವ ಸಂವೇದಕಗಳು. ಐದೈದು ಮಿಲಿಲೀಟರ್ ನೀರನ್ನು ಹತ್ತು ಸಲ ನುಂಗಿಸಿದರೆ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಮೂಡುತ್ತದೆ, ಅಲೆ ಎಲ್ಲಿ ಸತ್ತಿದೆ, ಬಳೆ ಎಷ್ಟು ಬಿಗಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಅದನ್ನು ನೋಡಿ ಕಾಯಿಲೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಯಾವ ಬಗೆ ಎಂಬುದರ ಮೇಲೆ ಚಿಕಿತ್ಸೆಯ ಆಯ್ಕೆ ನಿಂತಿದೆ. ಈ ಯಂತ್ರ ಮಾತ್ರ ನಮ್ಮಲ್ಲಿ ದೊಡ್ಡ ನಗರಗಳ ಆಸ್ಪತ್ರೆಗಳಿಗೇ ಹೆಚ್ಚಾಗಿ ಸೀಮಿತ.

ಚಿಕಿತ್ಸೆಯ ಕಥೆ ಹಳೆಯದು. 1674ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ತನ್ನ ರೋಗಿಯೊಬ್ಬನಿಗೆ ತಿಮಿಂಗಿಲದ ಎಲುಬಿನ ಸಪೂರ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ಕೊಟ್ಟಿದ್ದನ್ನು ಬರೆದಿಟ್ಟಿದ್ದಾನೆ. ಆ ಮನುಷ್ಯ ಊಟವಾದ ಮೇಲೆ ಅದನ್ನು ಗಂಟಲಿಗಿಳಿಸಿ ಅನ್ನವನ್ನು ತಾನೇ ಹೊಟ್ಟೆಗೆ ನೂಕಿಕೊಳ್ಳುತ್ತಾ ವರ್ಷಗಟ್ಟಲೆ ಬದುಕಿದ. 1913ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ಅರ್ನ್ಸ್ಟ್ ಹೆಲ್ಲರ್ ಎಂಬ ಶಸ್ತ್ರವೈದ್ಯರು ಹೊಟ್ಟೆ ತೆರೆದು, ಅನ್ನನಾಳದ ಒಳಪದರಕ್ಕೆ ತಾಕದಂತೆ ಸ್ನಾಯುವನ್ನಷ್ಟೇ ಸೀಳಿದರು. ನೂರು ವರ್ಷ ದಾಟಿದರೂ ಎಲ್ಲ ಶಸ್ತ್ರಚಿಕಿತ್ಸೆಗೂ ತಳಹದಿ ಆ ಸೀಳೇ. 1991ರಿಂದ ಅದನ್ನು ಲ್ಯಾಪರೊಸ್ಕೋಪಿಯ ಸಣ್ಣ ರಂಧ್ರಗಳಿಂದ ಮಾಡತೊಡಗಿದರು. ಶಸ್ತ್ರಚಿಕಿತ್ಸೆ ಬೇಡವೆಂದವರಿಗೆ ಮೂರು ಮೂರೂವರೆ ಸೆಂಟಿಮೀಟರ್ ಅಗಲದ ಬಲೂನನ್ನು ಬಳೆಯೊಳಗೆ ಉಬ್ಬಿಸಿ ಸ್ನಾಯುವಿನ ಎಳೆಗಳನ್ನು ಹರಿಯುವ ದಾರಿ ಇತ್ತು, ಈಗಲೂ ಇದೆ. ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಕೆಲವು ತಿಂಗಳ ಸಮಾಧಾನ ಕೊಡುತ್ತದೆ. ಅರಿವಳಿಕೆ ತಡೆಯಲಾರದ ವೃದ್ಧರಿಗೆ ಅದು ಸರಿ, ಮೂವತ್ತರ ಯುವಕನಿಗೆ ಅದನ್ನು ಮತ್ತೆ ಮತ್ತೆ ಕೊಡುವುದು ಸರಿಯಲ್ಲ. ಮಾತ್ರೆಗಳ ಪ್ರಯೋಜನ ಇನ್ನೂ ಕಡಿಮೆ.

ಹೊರಗಿನಿಂದ ಹೋಗಿ ಸೀಳುವ ಬದಲು ಒಳಗಿನಿಂದಲೇ ಸೀಳಬಾರದೇಕೆ ಎಂಬ ಪ್ರಶ್ನೆಗೆ ಅಡ್ಡಿಯಾಗಿದ್ದದ್ದು ಒಂದೇ ಭಯ. ಒಳಪದರವನ್ನು ಕತ್ತರಿಸಿ ಅದೇ ಜಾಗದಲ್ಲಿ ಸ್ನಾಯುವನ್ನೂ ಕತ್ತರಿಸಿದರೆ ಅನ್ನ ನೀರೆಲ್ಲ ಎದೆಗೂಡಿಗೆ ಸೋರಿ ಪ್ರಾಣಕ್ಕೆ ಬರುತ್ತದೆ. ಭಾರತೀಯ ಮೂಲದ ಪಂಕಜ್ ಪಸ್ರೀಚಾ ಮತ್ತು ಸಂಗಡಿಗರು 2007ರಲ್ಲಿ ಹಂದಿಗಳ ಮೇಲೆ ಒಂದು ಉಪಾಯ ತೋರಿಸಿದರು: ಒಳಪದರವನ್ನು ಮೇಲೆ ಎಲ್ಲೋ ಸ್ವಲ್ಪ ಕೊಯ್ದು, ಪದರಗಳ ನಡುವೆ ಸುರಂಗ ಕೊರೆದು ಹೋಗಿ, ಸ್ನಾಯುವನ್ನು ಕೆಳಗೆಲ್ಲೋ ಸೀಳುವುದು. ಎರಡು ಗಾಯಗಳು ಎದುರುಬದುರು ಇಲ್ಲದ್ದರಿಂದ ಸೋರಲು ದಾರಿಯಿಲ್ಲ. ಬೊಟುಲಿನಮ್ ಚುಚ್ಚುಮದ್ದನ್ನು ಈ ಕಾಯಿಲೆಗೆ ತಂದವರೂ ಇದೇ ಪಸ್ರೀಚಾ. 2008ರ ಸೆಪ್ಟೆಂಬರಿನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಹರುಹಿರೊ ಇನೋವೆ ಈ ವಿಧಾನವನ್ನು ಮೊದಲ ಬಾರಿಗೆ ಮನುಷ್ಯನ ಮೇಲೆ ಮಾಡಿದರು. 2010ರಲ್ಲಿ 17 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಪೋಯೆಮ್ ಎಂಬ ಹೆಸರಿನಿಂದ ಅದು ಕೆಲವೇ ವರ್ಷಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು.

ಅದನ್ನು ಮಾಡುವ ಬಗೆ ನೋಡಿ. ಒಂದೆರಡು ದಿನ ಮುಂಚಿನಿಂದ ರೋಗಿಗೆ ಬರೀ ತಿಳಿ ದ್ರವ. ಅನ್ನನಾಳದಲ್ಲಿ ಏನೂ ಉಳಿದಿರಬಾರದು, ಉಳಿದಿದ್ದರೆ ಅರಿವಳಿಕೆ ಕೊಡುವಾಗ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಪೂರ್ತಿ ಅರಿವಳಿಕೆ ಕೊಟ್ಟು, ತುದಿಗೆ ಪಾರದರ್ಶಕ ಟೋಪಿ ತೊಡಿಸಿದ ಎಂಡೋಸ್ಕೋಪನ್ನು ಬಾಯಿಂದ ಇಳಿಸುತ್ತಾರೆ. ಹೊಟ್ಟೆ ಸೇರುವ ಜಾಗಕ್ಕಿಂತ ಹತ್ತು ಹನ್ನೆರಡು ಸೆಂಟಿಮೀಟರ್ ಮೇಲೆ ಒಳಪದರದಡಿಗೆ ನೀಲಿ ಬಣ್ಣ ಬೆರೆಸಿದ ಸಲೈನ್ ಚುಚ್ಚಿದಾಗ ಅಲ್ಲಿ ಗುಳ್ಳೆಯೇಳುತ್ತದೆ. ಆ ಗುಳ್ಳೆಯ ಮೇಲೆ ಎರಡು ಸೆಂಟಿಮೀಟರ್ ಉದ್ದಕ್ಕೆ ಕೊಯ್ದು ಎಂಡೋಸ್ಕೋಪ್ ಅದರೊಳಗೆ ನುಗ್ಗುತ್ತದೆ. ಕೆಲವೇ ಮಿಲಿಮೀಟರ್ ದಪ್ಪದ ಗೋಡೆಯ ಎರಡು ಪದರಗಳ ನಡುವೆ ಒಂದು ಸೆಂಟಿಮೀಟರ್ ದಪ್ಪದ ಉಪಕರಣ ಸಾಗುವ ಈ ಹಂತವನ್ನು ಪರದೆಯಲ್ಲಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಒಂದು ಪಕ್ಕಕ್ಕೆ ಬೆಳ್ಳಗಿನ ಸ್ನಾಯು, ಇನ್ನೊಂದು ಪಕ್ಕಕ್ಕೆ ಕಾಪಾಡಲೇಬೇಕಾದ ಒಳಪದರ, ನಡುವೆ ನೀಲಿ ಬಣ್ಣ ಹೀರಿದ ಹತ್ತಿಯಂಥ ಅಂಗಾಂಶ. ವೈದ್ಯರು ವಿದ್ಯುತ್ ಚಾಕುವಿನಿಂದ ಆ ನೀಲಿಯನ್ನು ಬಿಡಿಸುತ್ತಾ, ರಕ್ತನಾಳ ಎದುರಾದಾಗ ಮೊದಲೇ ಸುಟ್ಟು ಮುಚ್ಚುತ್ತಾ ಅಂಗುಲ ಅಂಗುಲವಾಗಿ ಇಳಿಯುತ್ತಾರೆ. ಒಳಗೆ ಊದುವುದು ಗಾಳಿಯನ್ನಲ್ಲ, ಇಂಗಾಲದ ಡೈಆಕ್ಸೈಡನ್ನು. ಅದು ಸೋರಿದರೂ ರಕ್ತ ಬೇಗ ಹೀರಿಕೊಳ್ಳುತ್ತದೆ.

ಬಳೆಯ ಬಳಿ ಬಂದಾಗ ಸುರಂಗ ಇಕ್ಕಟ್ಟಾಗುತ್ತದೆ, ಉಪಕರಣ ಬಿಗಿಯುತ್ತದೆ. ದಾಟಿದೊಡನೆ ಹರವಾದ ಜಾಗ ಸಿಗುತ್ತದೆ. ಹೊಟ್ಟೆಯ ಗೋಡೆ ಸೇರಿದ್ದೇವೆ ಎಂದು ತಿಳಿಯುವುದು ಹೀಗೆ. ಅಲ್ಲಿಂದ ಇನ್ನೆರಡು ಮೂರು ಸೆಂಟಿಮೀಟರ್ ಹೋಗಿ, ಎಂಡೋಸ್ಕೋಪನ್ನು ಸುರಂಗದಿಂದ ತೆಗೆದು ಹೊಟ್ಟೆಯೊಳಗೆ ಇಳಿಸಿ ಹಿಂದಿರುಗಿಸಿ ನೋಡಿದರೆ ಒಳಪದರದಡಿ ನೀಲಿ ಮಚ್ಚೆ ಕಾಣುತ್ತದೆ, ಸುರಂಗ ಎಲ್ಲಿಯವರೆಗೆ ಬಂದಿದೆ ಎಂಬುದಕ್ಕೆ ಸಾಕ್ಷಿ. ಅನಂತರವೇ ಮುಖ್ಯ ಕೆಲಸ. ಸುರಂಗದ ಬಾಯಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ಶುರುಮಾಡಿ ವರ್ತುಲ ಸ್ನಾಯುವಿನ ಎಳೆಗಳನ್ನು ಒಂದೊಂದಾಗಿ ಹಿಡಿದು, ಎತ್ತಿ, ಕತ್ತರಿಸುತ್ತಾ ಹೊಟ್ಟೆಯವರೆಗೆ ಬರುತ್ತಾರೆ. ಹೊರಗಿನ ನೀಳ ಸ್ನಾಯುವನ್ನು ಆದಷ್ಟು ಉಳಿಸುತ್ತಾರೆ. ಮೊದಲು ಬಿಗಿದಿದ್ದ ಬಾಗಿಲಲ್ಲಿ ಎಂಡೋಸ್ಕೋಪ್ ಈಗ ಸರಾಗವಾಗಿ ಹಾಯುತ್ತದೆ. ಸುರಂಗದ ಬಾಯಿಯನ್ನು ಲೋಹದ ಪುಟ್ಟ ಕ್ಲಿಪ್ಪುಗಳಿಂದ ಮುಚ್ಚಿದರೆ ಮುಗಿಯಿತು. ಗಾಯ ಮಾಗಿದ ಮೇಲೆ ಅವು ತಾವಾಗಿಯೇ ಕಳಚಿ ಮಲದಲ್ಲಿ ಹೋಗುತ್ತವೆ. ಮರುದಿನ ಎಕ್ಸ್‌ರೇಯಲ್ಲಿ ಸೋರಿಕೆ ಇಲ್ಲವೆಂದು ನೋಡಿ ನೀರು ಕೊಡುತ್ತಾರೆ, ಎರಡು ಮೂರು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಹೊಟ್ಟೆ, ಎದೆಯ ಮೇಲೆ ಒಂದು ಗೆರೆಯೂ ಇರುವುದಿಲ್ಲ. ರಕ್ತಸ್ರಾವ, ಒಳಪದರ ತೂತಾಗುವುದು, ಎದೆಗೂಡಿನಲ್ಲಿ ಗಾಳಿ ಸೇರುವುದು ಇಂಥ ತೊಂದರೆಗಳು ಉಂಟು. ಪಳಗಿದ ಕೈಯಲ್ಲಿ ಗಂಭೀರವಾದವು ಕಡಿಮೆ.

ಫಲಿತಾಂಶ? 2019ರಲ್ಲಿ ಯುರೋಪಿನ ಹಲವು ಕೇಂದ್ರಗಳು 221 ರೋಗಿಗಳ ಮೇಲೆ ಪೋಯೆಮ್ ಮತ್ತು ಲ್ಯಾಪರೊಸ್ಕೋಪಿ ಎರಡನ್ನೂ ತೂಗಿ ನೋಡಿದವು. ಎರಡು ವರ್ಷದ ಬಳಿಕ ಗುಣ ಕಂಡವರು ಮೊದಲನೆಯದರಲ್ಲಿ ಶೇ. 83, ಎರಡನೆಯದರಲ್ಲಿ ಸುಮಾರು ಶೇ. 82. ಅಂದರೆ ಸರಿಸಮ. ಅದೇ ವರ್ಷ ಬಂದ, 133 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಪೋಯೆಮ್ ಆದವರಲ್ಲಿ ಶೇ. 92, ಬಲೂನ್ ಚಿಕಿತ್ಸೆ ಪಡೆದವರಲ್ಲಿ ಶೇ. 54 ಮಂದಿಗೆ ಎರಡು ವರ್ಷದ ಬಳಿಕವೂ ಗುಣವಿತ್ತು. ಹಾಗೆಂದು ಬಲೂನನ್ನು ತಳ್ಳಿಹಾಕಲಾಗದು. ಬೇಕಾದಾಗ ಮತ್ತೆ ಮತ್ತೆ ಹಿಗ್ಗಿಸಿದ, 2011ರ ಅಧ್ಯಯನವೊಂದರಲ್ಲಿ ಅದೂ ಶಸ್ತ್ರಚಿಕಿತ್ಸೆಗೆ ಸಮವಾಗಿ ನಿಂತಿತ್ತು. ಪೋಯೆಮ್ ನಿಸ್ಸಂದೇಹವಾಗಿ ಮೇಲುಗೈ ಸಾಧಿಸುವುದು ಮೂರನೆಯ ಬಗೆಯ ಅಕಲೇಶಿಯಾದಲ್ಲಿ. ಅಲ್ಲಿ ಅನ್ನನಾಳದ ಕೆಳಭಾಗವೆಲ್ಲ ಸೆಟೆದು ಹಿಂಡುತ್ತಿರುತ್ತದೆ. ಹೊಟ್ಟೆಯ ಕಡೆಯಿಂದ ಬರುವ ಶಸ್ತ್ರವೈದ್ಯರ ಕೈ ಅಷ್ಟು ಮೇಲಕ್ಕೆ ತಲುಪುವುದು ಕಷ್ಟ, ಸುರಂಗದಲ್ಲಿ ಬರುವವರು ಬೇಕಾದಷ್ಟು ಉದ್ದಕ್ಕೆ ಸೀಳಬಹುದು.

ಇಲ್ಲಿ ಒಂದು ಬೆಲೆ ತೆರಬೇಕಾಗುತ್ತದೆ. ಬಳೆ ಕಾಯುತ್ತಿದ್ದದ್ದು ಹೊಟ್ಟೆಯ ಆಮ್ಲವನ್ನು. ಅದನ್ನು ಸೀಳಿದ ಮೇಲೆ ಆಮ್ಲ ಮೇಲೇರುತ್ತದೆ. ಲ್ಯಾಪರೊಸ್ಕೋಪಿಯಲ್ಲಿ ಸೀಳಿದ ಜಾಗದ ಮೇಲೆ ಹೊಟ್ಟೆಯದೇ ಒಂದು ಮಡಿಕೆಯನ್ನು ಹೊಲಿದು ತಡೆ ಕಟ್ಟುತ್ತಾರೆ, ಸಾಮಾನ್ಯ ಪೋಯೆಮ್‌ನಲ್ಲಿ ಆ ತಡೆಯಿಲ್ಲ. ಯುರೋಪಿನ ಅದೇ ಅಧ್ಯಯನದಲ್ಲಿ ಮೂರು ತಿಂಗಳ ಬಳಿಕ ಎಂಡೋಸ್ಕೋಪಿ ಮಾಡಿದಾಗ ಆಮ್ಲದಿಂದ ಅನ್ನನಾಳ ಉರಿದದ್ದು ಪೋಯೆಮ್ ಆದವರಲ್ಲಿ ಶೇ. 57, ಲ್ಯಾಪರೊಸ್ಕೋಪಿ ಆದವರಲ್ಲಿ ಶೇ. 20. ಎರಡು ವರ್ಷದ ಹೊತ್ತಿಗೆ ಶೇ. 44 ಮತ್ತು ಶೇ. 29. ಬಹುಪಾಲು ಮಂದಿಗೆ ಇದು ಮಾತ್ರೆಯಿಂದ ಹಿಡಿತಕ್ಕೆ ಬರುತ್ತದೆ, ಆದರೆ ಕೆಲವರು ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಾಗುತ್ತದೆ. "ಗಾಯವಿಲ್ಲದ ಶಸ್ತ್ರಚಿಕಿತ್ಸೆ" ಎಂದು ಜಾಹೀರಾತು ಕೊಡುವವರು ಈ ಅಂಕಿಯನ್ನೂ ರೋಗಿಯ ಮುಂದಿಡಬೇಕು. ಮೊದಲೇ ಕೇಳಿ ಒಪ್ಪಿದವರು ಎದೆಯುರಿಯನ್ನು ನಿಭಾಯಿಸುತ್ತಾರೆ, ಹೇಳದೆ ಮಾಡಿಸಿಕೊಂಡವರಿಗೆ ಮೋಸ ಹೋದೆ ಎನಿಸುತ್ತದೆ.

ಭಾರತ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ ಎನ್ನುವುದು ಸಂತಸದ ಸಂಗತಿ. ಡಾ. ಡಿ. ನಾಗೇಶ್ವರ ರೆಡ್ಡಿ ಕಟ್ಟಿದ ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ ನೂರಾರು ರೋಗಿಗಳ ಪೋಯೆಮ್ ಅನುಭವವನ್ನು ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸಿದೆ. ಕಲಬುರಗಿ, ಬೀದರ್, ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಬೆಂಗಳೂರಿನಲ್ಲೂ ಈ ಚಿಕಿತ್ಸೆ ಲಭ್ಯ. ಆಸ್ಪತ್ರೆ ಆರಿಸುವಾಗ ಕಟ್ಟಡ ನೋಡಬೇಡಿ, "ನೀವು ಇಂಥವು ಎಷ್ಟು ಮಾಡಿದ್ದೀರಿ, ಮ್ಯಾನೊಮೆಟ್ರಿ ನಿಮ್ಮಲ್ಲೇ ಮಾಡ್ತೀರಾ, ತೊಂದರೆಯಾದರೆ ಎದೆ ಶಸ್ತ್ರವೈದ್ಯರು ಇದ್ದಾರಾ" ಎಂದು ಕೇಳಿ. ಕೇಳಿದರೆ ಡಾಕ್ಟರು ಏನಂದುಕೊಳ್ಳುತ್ತಾರೋ ಎಂಬ ಅಳುಕು ಬೇಡ.

ಚಿಕಿತ್ಸೆಯಾದ ಮೇಲೆ ಮೊದಲ ಒಂದೆರಡು ವಾರ ಗಂಜಿ, ಮೆತ್ತನೆಯ ಅನ್ನ, ಮಜ್ಜಿಗೆ. ಆಮೇಲೆ ಎಲ್ಲವನ್ನೂ ತಿನ್ನಬಹುದು, ಮುದ್ದೆಯನ್ನೂ. ಆದರೆ ಅಲೆ ಮರಳಿಲ್ಲ, ಈಗ ಅನ್ನ ಇಳಿಯುವುದು ತನ್ನ ಭಾರದಿಂದ. ಆದ್ದರಿಂದ ನೆಟ್ಟಗೆ ಕೂತು ಸಣ್ಣ ತುತ್ತು ಉಣ್ಣಬೇಕು, ಜೊತೆಗೆ ನೀರು ಇರಬೇಕು. ಉಂಡು ಎರಡು ಮೂರು ಗಂಟೆ ಮಲಗಬಾರದು, ಮಂಚದ ತಲೆಯ ಕಡೆ ಎತ್ತರಿಸಿಕೊಳ್ಳುವುದು ಒಳ್ಳೆಯದು. ಮತ್ತೆ ಯಾವಾಗಲಾದರೂ ಅನ್ನ ನಿಲ್ಲತೊಡಗಿದರೆ ಗುಟ್ಟು ಮಾಡದೆ ಹೋಗಿ ತೋರಿಸಬೇಕು. ಬಲೂನೋ ಇನ್ನೊಂದು ಪೋಯೆಮ್ಮೋ ಮಾಡಲು ಅವಕಾಶವಿದೆ. ಅಕಲೇಶಿಯಾ ಬಹಳ ವರ್ಷ ಇದ್ದವರಲ್ಲಿ ಅನ್ನನಾಳದ ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಎಂಬುದನ್ನೂ ಮರೆಯಬಾರದು. ಕೆಲವು ತಿಂಗಳ ಬಳಿಕ ಮರುಪರೀಕ್ಷೆಗೆ ಕರೆದಾಗ "ಈಗ ಚೆನ್ನಾಗಿ ಉಣ್ತಿದ್ದೀನಿ, ಎದೆಯುರಿಯೂ ಇಲ್ಲ" ಎಂದು ಅನೇಕರು ತಪ್ಪಿಸಿಕೊಳ್ಳುತ್ತಾರೆ. ಆದರೆ ಈ ಕಾಯಿಲೆಯವರಲ್ಲಿ ಆಮ್ಲ ಉಕ್ಕುತ್ತಿದ್ದರೂ ಎಷ್ಟೋ ಸಲ ಉರಿ ಗೊತ್ತಾಗುವುದಿಲ್ಲ. ಅದು ತಂದ ಹಾನಿ ಕಾಣುವುದು ಎಂಡೋಸ್ಕೋಪಿಯಲ್ಲೇ.